ಅಜ್ಜಮ್ಮನ ಹೊಸ ಹಲ್ಲು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನ್ಯಾಮತಿಯ ಜನ ಅಜ್ಜಮ್ಮನ ಕಡೆ ಬೆರಳು ಮಾಡಿಯೇ ಹೇಳುತ್ತಿದ್ದರು. ಆಂಜನೇಯನ ಗುಡಿಯ ಮುಂದಿನ ಹುಣಸೆಮರದ ಬುಡದಲ್ಲಿ ಗೋಣಿತಾಟು ಹಾಸಿಕೊಂಡು, ಒಂದು ಬುಟ್ಟಿಯಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ಹುರಿಗಡಲೆ ಇಟ್ಟುಕೊಂಡು ಕೂತಿರುತ್ತಿದ್ದ ಅವಳ ಬಾಯಲ್ಲಿ ಹೆಸರಿಗೊಂದು ಹಲ್ಲೂ ಉಳಿದಿರಲಿಲ್ಲ. ಗಾದೆ ಹೇಳಿದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. "ಹಲ್ಲಿರೋರು ನೀವು, ಕಡ್ಲೆ ಇರೋಳು ನಾನು. ತಗಳ್ರಿ, ಇಬ್ಬರ ಕೊರತೀನೂ ತೀರ್ಲಿ" ಎಂದು ಪಾವು ತುಂಬಿ ಕೊಡುತ್ತಿದ್ದಳು.

ಆ ಮರದ ತುಂಬ ಕೋತಿಗಳು. ಬಾಳೆಹಣ್ಣು ಮಾರುವವನು ಪಕ್ಕದಲ್ಲಿ ದೊಣ್ಣೆ ಇಟ್ಟುಕೊಳ್ಳದೆ ಕೂರುವಂತಿರಲಿಲ್ಲ. ಕಾಯಿ ಒಡೆಸಲು ಬಂದ ಹೆಂಗಸರು ಸೆರಗಿನೊಳಗೆ ಹೋಳು ಬಚ್ಚಿಟ್ಟುಕೊಂಡು ಓಡುತ್ತಿದ್ದರು. ಅಜ್ಜಮ್ಮನ ಹತ್ತಿರ ಮಾತ್ರ ಅವು ನೆಂಟರ ಮನೆಗೆ ಬಂದಂತೆ ಬರುತ್ತಿದ್ದವು. ಬೆಳಿಗ್ಗೆ ಮೊದಲ ಹಿಡಿ ಅವಕ್ಕೆ. ತಿಂದು, ಅವಳ ಬೆನ್ನಿಗೆ ಆತು ಕೂತು, ತಲೆಗೂದಲು ಬಿಡಿಸಿ ಹೇನು ಹುಡುಕುತ್ತಿದ್ದವು. ಬುಟ್ಟಿ ಉರುಳಿಸಿದ್ದು, ಗುರ್ ಅಂದದ್ದು ಒಂದು ದಿನವೂ ಇಲ್ಲ.

ಕಾರಣ ಹುಡುಕುವುದನ್ನು ಊರಿನವರಿಗೆ ಯಾರಾದರೂ ಹೇಳಿಕೊಡಬೇಕೆ? ಅಜ್ಜಮ್ಮನಿಗೆ ಸ್ವಾಮಿಯ ವರವಿದೆ ಎಂದರು ಕೆಲವರು. ಹಿಂದಿನ ಜನ್ಮದಲ್ಲಿ ಅವಳೂ ಕೋತಿಯೇ ಎಂದರು ಕಡಲೆ ಸಾಲ ಸಿಗದವರು. ಅವಳದು ಬೇರೆಯೇ ಲೆಕ್ಕ. ಅವಳ ತವರು ಜಗಳೂರು ಸೀಮೆಯ ಸೊಕ್ಕೆ. ಅಲ್ಲಿ ಹುಡುಗಿಯಾಗಿದ್ದಾಗ ಶೇಂಗಾ ಹೊಲ ಕಾಯುತ್ತಿದ್ದಳು. ಕವಣೆಗೆ ಕಲ್ಲು ಮುಗಿದರೆ ಕಣ್ಣು ಬಿಟ್ಟು, ಹಲ್ಲು ಕಿಸಿದು ನಿಂತುಬಿಡುತ್ತಿದ್ದಳು. ಕೋತಿಗಳು ಬಾಲ ಎತ್ತಿ ಗುಡ್ಡ ಸೇರುತ್ತಿದ್ದವು. ಅದೇ ಜಾತಿಯವು ಇಲ್ಲಿ ತೊಡೆಯ ಮೇಲೆ ಕೂರುತ್ತವಲ್ಲ ಎಂದು ಯಾರಾದರೂ ಕೇಳಿದರೆ, "ಇವು ಹೊಳೆನೀರು ಕುಡಿದವು, ಮೆತ್ತಗದಾವೆ. ನಮ್ಮ ಕಡೇವು ಬಾವಿನೀರಿನವು, ಒರಟು" ಎನ್ನುತ್ತಿದ್ದಳು. ಬದಲಾದದ್ದು ನೀರೋ ಅವಳ ಬಾಯೋ ಎಂದು ಯಾರೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಆ ಬಾಯಿಗೆ ಬಿಡುವೇ ಇರಲಿಲ್ಲ. ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ಹಾಕಿಕೊಂಡು, ಬರೀ ವಸಡಿನಲ್ಲಿ ಪಚಪಚ ಅಗಿಯುತ್ತಿದ್ದಳು. ಎಲೆಅಡಿಕೆ ಮುಗಿದ ಮೇಲೂ ತುಟಿಗಳು ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ಕೋತಿಗಳೂ ಒಂದರ ಹತ್ತಿರ ಒಂದು ಬರುವಾಗ ಹಾಗೆಯೇ ತುಟಿ ಪಚಪಚ ಎನ್ನಿಸುತ್ತವೆ. ಅದನ್ನು ನೋಡಿ ಜನ, "ಅಜ್ಜಮ್ಮನ್ನ ಅಣಕಿಸ್ತಾವೆ" ಎಂದು ನಗುತ್ತಿದ್ದರು.

ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಆ ಬೇಸಿಗೆಯಲ್ಲಿ ಹರಕಿವಿಯ ಮರಿ ಸತ್ತಿತು. ಹರಕಿವಿ ಎಂದರೆ ಒಂದು ಕಿವಿ ಸೀಳಿಹೋಗಿದ್ದ ಹೆಣ್ಣುಕೋತಿ. ಎಲ್ಲಕ್ಕಿಂತ ಮೊದಲು ಅಜ್ಜಮ್ಮನ ಬಳಿಗೆ ಬರುತ್ತಿದ್ದದ್ದು ಅದೇ. ಮರಿ ಸತ್ತರೂ ಅದು ಬಿಡಲಿಲ್ಲ. ಎದೆಗೆ ಅವಚಿಕೊಂಡು ಕೊಂಬೆಯಿಂದ ಕೊಂಬೆಗೆ ತಿರುಗಿತು. ಬಿಸಿಲಿಗೆ ಮರಿ ಒಣಗಿ ಚಕ್ಕೆಯಂತಾದರೂ ನೊಣ ಓಡಿಸುತ್ತ ಕೂದಲು ನೇವರಿಸುತ್ತ ಕೂರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ಹಗುರವಾಗಿ ಆಡುತ್ತೇವೆ. ಆ ಮರದ ಕೆಳಗೆ ನಿಂತು ನೋಡಿದವರಿಗೆ ಗಾದೆ ಬಾಯಿಗೆ ಬರುತ್ತಿರಲಿಲ್ಲ.

ಗುಡಿಯ ಪೂಜಾರಿ ಹನುಮಣ್ಣ ದೈವಭಕ್ತ. ಅವನಿಗೆ ಅದು ಸಂಕಟವಾಯಿತು. "ಸ್ವಾಮಿ ಕುಲದ ಕೂಸು ಹಿಂಗೆ ಕೊಳೀಬಾರ್ದು. ಮಣ್ಣು ಮಾಡಿ ಹಾಲುತುಪ್ಪ ಬಿಡಬೇಕು" ಎಂದ. ಏಣಿ ಹಾಕಿದರು, ಬಾಳೆಹಣ್ಣು ತೋರಿಸಿದರು. ಹರಕಿವಿ ಯಾರಿಗೂ ದಕ್ಕಲಿಲ್ಲ. ಕೊನೆಗೆ ಅಜ್ಜಮ್ಮನನ್ನು ಕೇಳಿದರು.

"ನೀನು ಕರೆದ್ರೆ ಬರ್ತೈತೆ ಅಜ್ಜಮ್ಮ. ಪುಣ್ಯದ ಕೆಲಸ."

ಅವಳು ಕರೆದಳು, ಅದು ಬಂತು. ಮರಿಯನ್ನು ಗೋಣಿತಾಟಿನ ಮೇಲೆ, ಅವಳ ಮೊಣಕಾಲಿಗೆ ತಾಗಿದಂತೆ ಮಲಗಿಸಿ, ತುಟಿ ಆಡಿಸುತ್ತ ಅವಳ ಕೂದಲಿಗೆ ಕೈ ಹಾಕಿತು. ಹಿಂದಿನಿಂದ ಹನುಮಣ್ಣ ಒದ್ದೆ ಪಂಚೆ ಬೀಸಿದ. ಗಲಿಬಿಲಿಯಲ್ಲಿ ಅಜ್ಜಮ್ಮ ಮರಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಹರಕಿವಿ ಕೆಳಗಿನ ಕೊಂಬೆಗೆ ಹಾರಿ ಕೂತು, ಬಾಯಿಯ ಎರಡೂ ಮೂಲೆಗಳನ್ನು ಕಿವಿಯ ತನಕ ಎಳೆದು, ಹಲ್ಲೆಲ್ಲ ತೋರಿಸಿ, ಸಣ್ಣಗೆ ಕೀರಲು ದನಿ ಮಾಡಿತು.

"ನೋಡ್ರಪ್ಪ, ತಾಯಿ ನಗ್ತೈತೆ" ಎಂದ ಹನುಮಣ್ಣ, ಕಣ್ಣಲ್ಲಿ ನೀರು ತುಂಬಿಕೊಂಡು. "ಕೂಸಿಗೆ ಮುಕ್ತಿ ಸಿಕ್ತು ಅಂತ ಅದಕ್ಕೂ ತಿಳೀತು."

ನೆರೆದವರೆಲ್ಲ ಕೈ ಮುಗಿದರು. ಅಜ್ಜಮ್ಮನೂ ಮುಗಿದಳು. ಹಲಗೆ ಬಡಿದುಕೊಂಡು, ಹೂವಿನ ಹಾರ ಹಾಕಿ, ಊರ ಹೊರಗೆ ಮಣ್ಣು ಮಾಡಿ ಬಂದರು. ಅವರ ಭಕ್ತಿಯಲ್ಲಿ ಸುಳ್ಳಿರಲಿಲ್ಲ, ಅದನ್ನು ಹೇಳಲೇಬೇಕು. ಮಣ್ಣಾದದ್ದು ಯಾರ ಕೂಸು, ಅದರ ತಾಯಿಯನ್ನು ಕೇಳಿದಿರಾ ಎನ್ನುವವರು ಅಲ್ಲಿ ಇರಲಿಲ್ಲ, ಅಷ್ಟೇ.

ಅಜ್ಜಮ್ಮನ ಒಬ್ಬನೇ ಮಗ ದುರುಗಪ್ಪ, ಹೆಂಡತಿ ಮತ್ತು ಎಳೆಗೂಸನ್ನು ಅವ್ವನ ಹತ್ತಿರ ಬಿಟ್ಟು, ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದ. ಹೊನ್ನಾಳಿಯ ಬೀಗರ ಮನೆಯ ಮದುವೆಯಲ್ಲಿ ಅವ್ವ ಚಕ್ಕುಲಿಯನ್ನು ನೀರಲ್ಲಿ ನೆನೆಸಿ ತಿಂದದ್ದನ್ನು ನೋಡಿ ಯಾರೋ ಕಿಸಕ್ಕೆಂದಿದ್ದರು. ಅದು ಅವನ ಮನಸ್ಸಿಗೆ ಚುಚ್ಚಿತ್ತು. ಶಿವಮೊಗ್ಗದಲ್ಲಿ ಆಗ ಹಲ್ಲು ಕಟ್ಟುವ ಚೀನಾದವನೊಬ್ಬ ಅಂಗಡಿ ಇಟ್ಟಿದ್ದ. ದುರುಗಪ್ಪ ಅವ್ವನನ್ನು ಇದ್ದಿಲ ಬಸ್ಸಿಗೆ ಹತ್ತಿಸಿಕೊಂಡು ಹೋದ. ಅಳತೆ ಕೂಡಿಬರುವ ತನಕ ಅಲ್ಲಿಯೇ ನೆಂಟರ ಮನೆಯಲ್ಲಿ ಇಟ್ಟು, ಹಲ್ಲುಸೆಟ್ಟು ಹಾಕಿಸಿಯೇ ಕರೆತಂದ. ಬಾಯಿ ತುಂಬ ಬೆಳ್ಳಗಿನ ಹಲ್ಲು. ತುಟಿ ಮುಚ್ಚಲು ಕಷ್ಟ, ಮುಚ್ಚಿದರೆ ವಸಡು ಉರಿಯುತ್ತಿತ್ತು.

"ತೆಗೆದಿಡಬ್ಯಾಡ ಅವ್ವ. ಹಾಕ್ಕೊಂಡು ಹಾಕ್ಕೊಂಡೇ ರೂಢಿ ಆಗ್ತೈತೆ. ನಗ್ತಾ ಇರು" ಎಂದು ಹೇಳಿ ಅವನು ಚನ್ನಗಿರಿಗೆ ಹೋದ.

ಮಗನ ಮಾತು ಮೀರುವ ತಾಯಿಯಲ್ಲ ಅವಳು. ಮರುದಿನ ಮರದ ಬುಡಕ್ಕೆ ಬಂದವಳು ನಗುತ್ತಲೇ ಬಂದಳು. ಹಿಡಿ ಕಡಲೆ ಚಾಚಿ ಕೋತಿಗಳತ್ತ ನಕ್ಕಳು. ಇಳಿಯುತ್ತಿದ್ದವು ಅರ್ಧದಲ್ಲೇ ನಿಂತವು. ದೊಡ್ಡ ಗಂಡುಕೋತಿ ಹುಬ್ಬು ಮೇಲಕ್ಕೆಳೆದು ದಿಟ್ಟಿಸಿತು. ಮರಿಗಳು ತಾಯಂದಿರ ಹೊಟ್ಟೆಗೆ ಅಂಟಿಕೊಂಡವು. ಯಾವುದೂ ಹತ್ತಿರ ಬರಲಿಲ್ಲ. ಹರಕಿವಿ ಮೇಲಿನ ಕೊಂಬೆಯಿಂದ ಒಮ್ಮೆ ನೋಡಿ ಬೆನ್ನು ತಿರುಗಿಸಿ ಮರ ಬಿಟ್ಟು ಹೋಯಿತು.

ಕೂಸು ಕಿತ್ತುಕೊಂಡವಳು ನಾನು, ಅದಕ್ಕೇ ಕುಲವೆಲ್ಲ ಸೇರಿ ನನ್ನನ್ನು ಬಿಟ್ಟವು ಎಂದುಕೊಂಡಳು ಅಜ್ಜಮ್ಮ. ಬುಟ್ಟಿ ಖಾಲಿಯಾಗುವ ಮೊದಲೇ ಎದ್ದು ಮನೆಗೆ ನಡೆದಳು.

ಮನೆಯ ಹಿತ್ತಲಿಗೆ ಕಾಲಿಡುವಷ್ಟರಲ್ಲಿ ಸೊಸೆ ಶಂಕರಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೈಯಲ್ಲಿ ಬಿಸಿನೀರಿನ ಚೊಂಬು ಹಾಗೆಯೇ ಇತ್ತು. ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಿಗೆ ಮೊರದಲ್ಲಿ ಮಲಗಿಸಿ, ನೀರು ತೋಡಿಕೊಳ್ಳಲು ಬಚ್ಚಲೊಲೆಗೆ ತಿರುಗಿದ್ದಳು. ಅಷ್ಟೇ. ಈಗ ಮೊರ ಖಾಲಿ.

"ಅತ್ತೆ" ಎಂದಳು. ಗದ್ದ ಎತ್ತಿ ಮಾಡು ತೋರಿಸಿದಳು.

ನಾಡಹೆಂಚಿನ ಮಾಡಿನ ಮಧ್ಯದಲ್ಲಿ ಹರಕಿವಿ ಕೂತಿತ್ತು. ಅದರ ಎದೆಯ ಮೇಲೆ ಅಜ್ಜಮ್ಮನ ಮೊಮ್ಮಗಳು. ಎಣ್ಣೆ ಹಚ್ಚಿದ ಮೈ, ಹಿಡಿತಕ್ಕೆ ನಿಲ್ಲದೆ ಜಾರುತ್ತಿತ್ತು. ಜಾರಿದಾಗಲೆಲ್ಲ ಕೋತಿ ಕೂಸಿನ ತೋಳು ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ತನ್ನ ಮರಿಯಾದರೆ ತಾನೇ ಹೊಟ್ಟೆ ಕೂದಲು ಹಿಡಿದುಕೊಳ್ಳುತ್ತದೆ, ಇದು ಯಾಕೆ ಹಿಡಿಯುತ್ತಿಲ್ಲ ಎಂದು ಅದಕ್ಕೂ ತಿಳಿಯುತ್ತಿರಲಿಲ್ಲ. ಮಾಡಿನ ಆ ಬದಿಗೆ ಚಪ್ಪಡಿ ಹಾಸಿದ ಅಂಗಳ. ನೆತ್ತಿಯ ಮೇಲೆ ಬೇವಿನ ಕೊಂಬೆ. ಕೋತಿ ಕೊಂಬೆ ಹಿಡಿದು ಹಾರಿದರೆ, ಆ ಜಾರುವ ಕೂಸು ಕಲ್ಲಿನ ಮೇಲೆ. ಮಂಗನ ಕೈಯಲ್ಲಿ ಮಾಣಿಕ್ಯ ಎಂದು ನಗಾಡುವವರು ಆ ಹಿತ್ತಲಿನಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು.

ಸುದ್ದಿಗೆ ಕಾಲಿಲ್ಲದಿದ್ದರೂ ಓಡುತ್ತದೆ. ಹಿತ್ತಲು ತುಂಬಿತು. ಯಾರೋ ಕಲ್ಲೆತ್ತಿದರು, ಯಾರೋ ತಟ್ಟೆ ಬಡಿಯಹೊರಟರು. ಹನುಮಣ್ಣ ಕೈ ಮುಗಿದು ನಿಂತ. ಊರ ಗೌಡರು ತಿಪ್ಪೇಶಪ್ಪನವರು ಕೋವಿ ಹಿಡಿದು ಬಂದರು.

"ಗಾಳಿಗೆ ಒಂದು ಹಾರಿಸ್ತೀನಿ. ಬೆದರಿ ಬಿಟ್ಟು ಓಡ್ತೈತೆ" ಎಂದರು.

"ಬಿಟ್ರೆ ಕೂಸು ಎಲ್ಲಿಗೆ ಬೀಳ್ತೈತೆ ಗೌಡ್ರೇ?" ಎಂದಳು ಶಂಕರಮ್ಮ. ಅವಳು ಗಂಡಸರ ಮುಂದೆ ಮಾತಾಡಿದ್ದನ್ನು ಊರು ಅದುವರೆಗೆ ಕೇಳಿರಲಿಲ್ಲ.

ಅಜ್ಜಮ್ಮ ಬುಟ್ಟಿ ಕೆಳಗಿಟ್ಟಳು. "ಎಲ್ಲಾರೂ ಹಿಂದಕ್ಕೆ ಸರೀರಿ. ಅದು ಕೇಳೋದಾದ್ರೆ ನನ್ನ ಮಾತು ಕೇಳ್ತೈತೆ." ದನಿ ಗಟ್ಟಿಯಾಗಿತ್ತು. ಉಡಿಗೆ ಹಿಡಿ ಕಡಲೆ ಸುರಿದುಕೊಂಡು, ಸೂರಿಗೆ ಒರಗಿಸಿದ್ದ ಏಣಿ ಹತ್ತಿದಳು.

ಸೂರಿಗೆ ಎದೆ ಸಮ ಬಂದಾಗ ಇಬ್ಬರೂ ಮುಖಾಮುಖಿಯಾದರು. ಅಜ್ಜಮ್ಮ ನಕ್ಕಳು. ಮಗ ಕಟ್ಟಿಸಿಕೊಟ್ಟ ಹಲ್ಲೆಲ್ಲ ಕಾಣುವಂತೆ ನಕ್ಕು, "ಬಾ ತಾಯಿ" ಎಂದು ಕಡಲೆ ಚಾಚಿದಳು.

ಹರಕಿವಿ ಎರಡು ಹೆಂಚು ಮೇಲಕ್ಕೆ ಸರಿಯಿತು. ಕಿವಿ ತಲೆಗೆ ಅಂಟಿದವು. ಅಜ್ಜಮ್ಮ ಇನ್ನೂ ಚಾಚಿದಳು, ಇನ್ನೂ ನಕ್ಕಳು. ಅದು ಹುಬ್ಬೆಳೆದು, ಬಾಯಿ ದುಂಡಗೆ ತೆರೆದು ಗುರ್ ಅಂದಿತು. ಇಷ್ಟು ವರ್ಷದಲ್ಲಿ ಅವಳ ಮೇಲೆ ಅದು ಗುರ್ ಅಂದದ್ದು ಅದೇ ಮೊದಲು. ಒಂದು ಹೆಂಚು ಜಾರಿ ಕೆಳಗೆ ಬಿದ್ದು ಪುಡಿಯಾಯಿತು. ಕೂಸು ಬೆಚ್ಚಿ ಅಳತೊಡಗಿತು. ಕೋತಿಯ ಒಂದು ಕೈ ಬೇವಿನ ಕೊಂಬೆಯ ಕಡೆಗೆ ಹೋಯಿತು.

"ತಪ್ಪಾಯ್ತವ್ವ" ಎಂದಳು ಅಜ್ಜಮ್ಮ. "ನಿನ್ನ ಕೂಸು ತಗಂಡೆ. ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ಕೊಡು." ಬೇಡಿದಷ್ಟೂ ಅವಳ ತುಟಿಗಳು ಹಿಂದಕ್ಕೆ ಸರಿದು ಹಲ್ಲು ಇನ್ನಷ್ಟು ಹೊರಗೆ ಬಂದವು. ಕಂಡವರ ಮುಂದೆ ಹಲ್ಲು ಗಿಂಜುವ ಜಾಯಮಾನ ಅವಳದಲ್ಲ. ಗಂಡ ಸತ್ತಾಗಲೂ ಯಾರ ಬಾಗಿಲಿಗೂ ಹೋಗಿ ಗಿಂಜಿದವಳಲ್ಲ. ಈಗ ಊರೆಲ್ಲ ನೋಡುತ್ತಿರುವಾಗ, ಏಣಿಯ ಮೇಲೆ ನಿಂತು, ಒಂದು ಕೋತಿಯ ಮುಂದೆ ಗಿಂಜಿದಳು. ಕೋತಿ ಅವಳ ಹಲ್ಲನ್ನೇ ನೋಡುತ್ತ ಕೊಂಬೆ ಹಿಡಿಯಿತು.

ಕೆಳಗೆ ಗೌಡರು ಕೋವಿ ಎತ್ತಿದ ಸದ್ದಾಯಿತು.

ಅಜ್ಜಮ್ಮ ಕೂಗಲು ಬಾಯಿ ತೆರೆದಳು. ಮೇಲಿನ ಸೆಟ್ಟು ಸಡಿಲಗೊಂಡು ಕೆಳಗಿನದರ ಮೇಲೆ ಟಕ್ಕೆಂದು ಬಿತ್ತು. ಮಾತು ಹೊರಡಲಿಲ್ಲ, ಉಸಿರು ಕಟ್ಟಿತು. ಆ ಹೊತ್ತಿನಲ್ಲೂ ಮಗ ಕೊಡಿಸಿದ್ದು ಬಿದ್ದು ಒಡೆದೀತೆಂಬ ಭಯ ಬಿಡಲಿಲ್ಲ. ಎರಡನ್ನೂ ಕಿತ್ತು ಉಡಿಗೆ ಹಾಕಿಕೊಂಡಳು. ವಸಡು ಉರಿಯುತ್ತಿತ್ತು. ಬರಿದಾದ ಬಾಯಿ, ಹೇಳಿಸಿಕೊಳ್ಳದೆ, ತನ್ನ ಹಳೆಯ ಕೆಲಸಕ್ಕೆ ತೊಡಗಿತು. ಪಚಪಚ, ಪಚಪಚ.

ಕೊಂಬೆ ಹಿಡಿದಿದ್ದ ಕೈ ನಿಂತಿತು.

ಅಜ್ಜಮ್ಮ ಅದನ್ನು ಕಂಡಳು. ಏನಾಯಿತೆಂದು ತಿಳಿಯಲಿಲ್ಲ, ಏನೋ ಆಯಿತೆಂದು ಮಾತ್ರ ತಿಳಿಯಿತು. ಹರಕಿವಿಯ ಕಿವಿಗಳು ಸಡಿಲವಾದವು, ಹುಬ್ಬು ಇಳಿಯಿತು. ಅದು ಅವಳ ಬಾಯನ್ನೇ ನೋಡಿತು. ಕಳೆದುಹೋಗಿದ್ದ ಪರಿಚಯದವರನ್ನು ಗುರುತು ಹಿಡಿಯುವವರ ನೋಟ ಅದು. ಆಮೇಲೆ ಅದರ ತುಟಿಗಳೂ ಆಡಿದವು. ಪಚಪಚ.

ಅಣಕವಲ್ಲ ಇದು, ಎಂದೂ ಅಣಕವಾಗಿರಲಿಲ್ಲ. ಇಷ್ಟು ದಿನ ಅವಳು ಎಲೆಅಡಿಕೆ ಅಗಿಯುತ್ತಿದ್ದಳು, ಅವು ಅದನ್ನು ಮಾತು ಎಂದುಕೊಂಡು ಉತ್ತರ ಕೊಡುತ್ತಿದ್ದವು. ಅಜ್ಜಮ್ಮ ಕೈಸನ್ನೆ ಮಾಡಿ ಗೌಡರನ್ನು ತಡೆದಳು. ಕಣ್ಣು ಕೆಳಗೆ ಹಾಕಿ, ತಲೆ ಬಗ್ಗಿಸಿ, ಬರೀ ಬಾಯಿ ಆಡಿಸುತ್ತ ನಿಂತಳು. ಕೂಸು ಅಳುತ್ತಿತ್ತು, ಅವಳು ನೋಡಲಿಲ್ಲ. ಹೆಂಚು ಒಂದೊಂದಾಗಿ ಕಿರಗುಟ್ಟುವುದು ಕೇಳಿಸಿತು. ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಗೊತ್ತಾಗಲಿಲ್ಲ. ನೋಡಬೇಕೆಂಬ ಆಸೆಯನ್ನು ಅವಳು ಹೇಗೆ ನುಂಗಿಕೊಂಡಳೋ ಅವಳಿಗೇ ಗೊತ್ತು.

ತಲೆಗೂದಲಿಗೆ ಬೆರಳು ತಾಗಿತು.

ಹರಕಿವಿ ಸೂರಿನ ಅಂಚಿಗೆ ಬಂದು ಕೂತು, ಒಂದು ಕೈಯಲ್ಲಿ ಕೂಸನ್ನು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಅವಳ ಕೂದಲು ಬಿಡಿಸುತ್ತಿತ್ತು. ಕೂಸಿನ ಕಾಲು ಅಜ್ಜಮ್ಮನ ಗಲ್ಲಕ್ಕೆ ತಾಗುತ್ತಿತ್ತು. ಕಿತ್ತುಕೊಳ್ಳಬಹುದಿತ್ತು. ಒಮ್ಮೆ ಕಿತ್ತುಕೊಂಡ ಕೈಗಳೇ ಅವು. ಅವಳು ಕಿತ್ತುಕೊಳ್ಳಲಿಲ್ಲ. ಅಂಗೈಯನ್ನು ಮೆಲ್ಲಗೆ ಕೂಸಿನ ಬೆನ್ನ ಕೆಳಗೆ ಇಟ್ಟು, ಭಾರ ತನ್ನ ಕೈಗೆ ಬರುವ ತನಕ ಕಾದಳು. ಕೂಸು ಹಾಲಿಗಾಗಿ ಮುಖ ಹೊರಳಿಸಿ ಕೋತಿಯ ಎದೆಯಲ್ಲಿ ತಡಕಾಡಿ, ಸಿಗದೆ, ಇನ್ನಷ್ಟು ಜೋರಾಗಿ ಅತ್ತಿತು. ಹರಕಿವಿ ಬಗ್ಗಿ ಅದರ ಮುಖ ನೋಡಿತು, ಬೆರಳಿನಿಂದ ತುಟಿ ಮುಟ್ಟಿತು. ತನ್ನದಲ್ಲವೆಂದು ತಿಳಿಯಿತೋ ಏನೋ, ಹಿಡಿತ ಸಡಿಲಿತು. ಅಜ್ಜಮ್ಮ ಕೂಸನ್ನು ಎಳೆದುಕೊಂಡು ಕೆಳಕ್ಕೆ ನೀಡಿದಳು. ಶಂಕರಮ್ಮ ಅರ್ಧ ಏಣಿ ಹತ್ತಿ ಬಂದು ಎತ್ತಿಕೊಂಡಳು. ತೋಳಿನ ಮೇಲೆ ಒಂದು ಗೀರು ಬಿಟ್ಟರೆ ಮತ್ತೇನೂ ಆಗಿರಲಿಲ್ಲ.

ಆಗ ಹರಕಿವಿ, ಖಾಲಿ ಕೈ ಚಾಚಿ, ಬಾಯಿಯ ಮೂಲೆಗಳನ್ನು ಕಿವಿಯ ತನಕ ಎಳೆದು ಹಲ್ಲೆಲ್ಲ ತೋರಿಸಿತು.

"ಅಗೋ, ನಗ್ತೈತೆ" ಎಂದ ಹನುಮಣ್ಣ ಕೆಳಗಿನಿಂದ. ಎದೆಯ ಮೇಲಿನ ಕಲ್ಲು ಇಳಿದ ಜನ ಒಬ್ಬೊಬ್ಬರಾಗಿ ಕೈ ಮುಗಿದರು. "ಸ್ವಾಮಿಗೆ ಸಂತೋಷ ಆತು."

ಅಜ್ಜಮ್ಮ ಆ ಮುಖವನ್ನು ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ತನ್ನ ಮುಖ ಹೇಗೆ ಆಗಿತ್ತು ಎಂಬುದು ಅವಳ ಗಲ್ಲಗಳಿಗೆ ಇನ್ನೂ ನೆನಪಿತ್ತು.

"ನಗ್ತಾ ಇಲ್ಲ ಕಣ್ರಪ್ಪ" ಎಂದಳು. ಬೊಚ್ಚುಬಾಯಿಯ ಮಾತು ಕೆಳಗಿನವರಿಗೆ ಅರ್ಧ ಕೇಳಿಸಿತು. "ಹಲ್ಲು ಗಿಂಜ್ತೈತೆ. ಈಗ ನಾನು ಗಿಂಜಿದ್ನಲ್ಲ, ಹಂಗೆ. ಅವತ್ತೂ ಗಿಂಜಿತ್ತು. ನಾವು ಕೈ ಮುಗಿದ್ವಿ."

ಹನುಮಣ್ಣನ ಕೈಗಳು ಜೋಡಿಸಿದಂತೆಯೇ ಉಳಿದವು. ಶಂಕರಮ್ಮ ಬಚ್ಚಲ ಮೂಲೆಯಲ್ಲಿ ಕೂತು ಹಾಲು ಕುಡಿಸುತ್ತ, ಸೆರಗಿನ ಮರೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದಳು. ಅಜ್ಜಮ್ಮ ಇಳಿಯಲಿಲ್ಲ. ಹರಕಿವಿ ತಾನಾಗಿ ಎದ್ದುಹೋಗುವ ತನಕ ಏಣಿಯ ಮೇಲೆಯೇ ನಿಂತು ತಲೆ ಕೊಟ್ಟಳು.

ಹಲ್ಲುಸೆಟ್ಟು ಆಮೇಲೆ ಎಲೆಅಡಿಕೆಯ ಡಬ್ಬಿ ಸೇರಿತು. ದುರುಗಪ್ಪ ಊರಿಗೆ ಬಂದಾಗ ಹಾಕಿಕೊಂಡು, ಒಂದು ಚಕ್ಕುಲಿ ಕಟಕ್ಕೆಂದು ಕಡಿದು ತೋರಿಸುತ್ತಿದ್ದಳು. ಅವನು ಬಸ್ಸು ಹತ್ತಿದ ಮೇಲೆ ಮತ್ತೆ ಡಬ್ಬಿಗೆ. ಅವನು ಬದುಕಿರುವ ತನಕ ಅವ್ವನಿಗೆ ಹಲ್ಲು ಒಗ್ಗಿತು ಎಂದೇ ತಿಳಿದಿದ್ದ.

ಸ್ವಾತಂತ್ರ್ಯ ಬಂದ ಮರುವರ್ಷ ಅದೇ ಹುಣಸೆಮರದಲ್ಲಿ ಇನ್ನೊಂದು ಹೆಣ್ಣುಕೋತಿ ಸತ್ತ ಮರಿ ಹೊತ್ತುಕೊಂಡು ತಿರುಗಿತು. ಹನುಮಣ್ಣ ಒದ್ದೆ ಪಂಚೆ, ಹಾರ, ನಾಲ್ಕು ಜನ ಗಂಡಸರ ಸಮೇತ ಬಂದ. ಅಜ್ಜಮ್ಮ ಬುಟ್ಟಿ ಪಕ್ಕಕ್ಕೆ ಸರಿಸಿ, ಮರದ ಬುಡಕ್ಕೆ ಅಡ್ಡ ಕೂತಳು.

"ವಾಸನೆ ಬರ್ತೈತಲ್ಲ ಅಜ್ಜಮ್ಮ. ಎಷ್ಟು ದಿನ ಅಂತ ಕಾಯಾಕೆ ಆಗ್ತೈತೆ?" ಎಂದ ಅವನು.

"ಹಾಲುತುಪ್ಪ ಆಮೇಲೆ ಬಿಡ್ರಿ" ಎಂದಳು ಅವಳು. "ಮೊದಲು ಅದು ಕೈ ಬಿಡ್ಲಿ."

ಹನುಮಣ್ಣ ಗೊಣಗುತ್ತ ನಿಂತ. ಆಮೇಲೆ ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂತ.